ಗಣಿತಜ್ಞ ಲ್ಯಾಪುನೋವ್

ಫಲವು ಎಂದು ಕೈಸೇರುವುದೆಂದು ಕೇಳಿ ವಿದ್ಯೆಗೆ ಬೆಲೆ ಕಟ್ಟುವ ವಾಡಿಕೆಯು ನಮ್ಮಲ್ಲಿ ಬೇರೂರಿದೆ. ಹಾಗೆ ಕೇಳುವವರು ರಷ್ಯಾ ದೇಶದ ಗಣಿತಶಾಸ್ತ್ರಜ್ಞ ಅಲೆಕ್ಸಾಂಡರ್ ಲ್ಯಾಪುನೋವನ ಚರಿತ್ರೆಯನ್ನು ಒಮ್ಮೆ ಅವಲೋಕಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಈತನು 1857ರಲ್ಲಿ ಯಾರೊಸ್ಲಾವ್ಲ್ ಪಟ್ಟಣದಲ್ಲಿ ಜನಿಸಿದನು. ಖಗೋಲಶಾಸ್ತ್ರಜ್ಞನಾಗಿದ್ದ ತಂದೆಯು 1868ರಲ್ಲಿ ಕಾಲವಾಗಲು, ತಾಯಿಯು ಮೂವರು ಮಕ್ಕಳೊಡನೆ ನಿಜ್ನಿ ನೊವ್ಗೊರೊಡ್ ನಗರವನ್ನು ಸೇರಿದಳು. ತಬ್ಬಲಿಗಳಾದ ಆ ಮೂವರಲ್ಲಿ ಹಿರಿಯನು ಗಣಿತದಲ್ಲಿಯೂ, ಸೆರ್ಗೆಯು ಸಂಗೀತದಲ್ಲಿಯೂ, ಬೋರಿಸನು ಭಾಷಾಶಾಸ್ತ್ರದಲ್ಲಿಯೂ ಖ್ಯಾತಿವೆತ್ತರು. ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಮಹಾಪಂಡಿತನಾದ ಚೆಬಿಷೆವನು, ತಿರುಗುತ್ತಿರುವ ದ್ರವಪಿಂಡವು ಯಾವ ಯಾವ ಆಕಾರಗಳನ್ನು ತಾಳಬಲ್ಲದೆಂಬ ಕಠಿಣ ಪ್ರಶ್ನೆಯನ್ನು ಈ ತರುಣನ ಮುಂದಿಟ್ಟನು. ಅವನ ಜೀವಮಾನದ ಶ್ರಮಕ್ಕೆ ಅದೇ ಬೀಜವಾಯಿತು.

1885ರಲ್ಲಿ ಲ್ಯಾಪುನೋವನು ಖಾರ್ಕೋವ್ ನಗರದಲ್ಲಿ ಯಂತ್ರಶಾಸ್ತ್ರದ ಅಧ್ಯಾಪಕನಾದನು. ಪಾಠಗಳನ್ನು ಹೊಸದಾಗಿ ರಚಿಸುವುದರಲ್ಲಿಯೇ ಮೊದಲ ವರ್ಷಗಳು ಕಳೆದುವು. ಆದರೂ 1892ರಲ್ಲಿ, ಚಲನೆಯ ಸ್ಥಿರತೆಯನ್ನು ಕುರಿತ ಅವನ ಮಹಾಪ್ರಬಂಧವು ರಷ್ಯನ್ ಭಾಷೆಯಲ್ಲಿ ಆ ಊರಿನಲ್ಲಿಯೇ ಅಚ್ಚಾಯಿತು.

ಅದರ ತಿರುಳನ್ನು ವಾಚಕರು ಸುಲಭವಾಗಿ ಗ್ರಹಿಸಬಹುದು. ಬಟ್ಟಲಿನ ತಳದಲ್ಲಿರುವ ಗೋಲಿಯನ್ನು ತುಸು ಅಲುಗಿಸಿದರೆ ಅದು ಮರಳಿ ತಳಕ್ಕೇ ಬರುತ್ತದೆ. ಬೋರಲಾದ ಬಟ್ಟಲಿನ ನೆತ್ತಿಯಲ್ಲಿರುವ ಗೋಲಿಯನ್ನು ಮುಟ್ಟಿದೊಡನೆ ಉರುಳಿಹೋಗುತ್ತದೆ. ಜಟಿಲವಾದ ಚಲನೆಯಲ್ಲಿ ಇವೆರಡರಲ್ಲಿ ಯಾವುದು ಸಂಭವಿಸುವುದೆಂದು ತಿಳಿಯಲು ಅಂದಿನ ವಿದ್ವಾಂಸರು ಸಮೀಕರಣದ ಚಿಕ್ಕ ಪದಗಳನ್ನು ಕೈಬಿಟ್ಟು ಲೆಕ್ಕಹಾಕುತ್ತಿದ್ದರು. ಅದು ಎಲ್ಲಿ ಸರಿ, ಎಲ್ಲಿ ತಪ್ಪು ಎಂಬುದನ್ನು ಲ್ಯಾಪುನೋವನು ಗೊತ್ತುಪಡಿಸಿದನು. ಅಷ್ಟಕ್ಕೇ ನಿಲ್ಲದೆ, ಸಮೀಕರಣವನ್ನು ಬಿಡಿಸದೆಯೇ ತೀರ್ಪು ಹೇಳುವ ಮಾರ್ಗವೊಂದನ್ನೂ ಕಂಡುಹಿಡಿದನು. ಸಮತೋಲದ ಸ್ಥಾನದಲ್ಲಿ ಸೊನ್ನೆಯಾಗಿಯೂ ಅದರ ಸುತ್ತಲೂ ಧನವಾಗಿಯೂ ಇರುವ, ಶಕ್ತಿಯನ್ನು ಹೋಲುವ ಒಂದು ರಾಶಿಯನ್ನು ಆರಿಸಿಕೊಳ್ಳಬೇಕು. ಚಲನೆಯಲ್ಲಿ ಅದು ಎಂದಿಗೂ ಹೆಚ್ಚದಿದ್ದರೆ ಆ ಸ್ಥಿತಿಯು ಸ್ಥಿರ; ಕುಗ್ಗುತ್ತಲೇ ಹೋದರೆ ಚಲನೆಯು ಮರಳಿ ಅಲ್ಲಿಗೇ ಬಂದು ಸೇರುವುದು.

1901ರಲ್ಲಿ ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿಯು ಅವನನ್ನು ಸದಸ್ಯನನ್ನಾಗಿ ಆರಿಸಿತು. ತಿರುಗುವ ದ್ರವಪಿಂಡವು ಪೇರುಹಣ್ಣಿನ ಆಕಾರವನ್ನು ತಾಳಿ ಸ್ಥಿರವಾಗಿ ನಿಲ್ಲಬಲ್ಲದೆಂದು ಚಾರ್ಲ್ಸ್ ಡಾರ್ವಿನನ ಮಗನಾದ ಜಾರ್ಜ್ ಡಾರ್ವಿನನು ಸಾಧಿಸಲು ಯತ್ನಿಸಿದಾಗ, ಅದು ಅಸ್ಥಿರವೆಂದು ಲ್ಯಾಪುನೋವನು ತೋರಿಸಿದನು. ಮುಂದೆ ಆಂಗ್ಲ ವಿಜ್ಞಾನಿ ಜೀನ್ಸನೇ ಇದನ್ನು ದೃಢಪಡಿಸಿದನು.

1917ರಲ್ಲಿ ಕ್ಷಯರೋಗದಿಂದ ನರಳುತ್ತಿದ್ದ ಪತ್ನಿಯೊಡನೆ ಅವನು ಒಡೆಸ್ಸಾ ನಗರಕ್ಕೆ ಹೋದನು. 1918ರ ಅಕ್ಟೋಬರ್ 31ರಂದು ಆಕೆಯು ತೀರಿಕೊಂಡಳು. ಆ ದಿನವೇ ಅವನು ತನ್ನ ಮೇಲೆ ಗುಂಡು ಹಾರಿಸಿಕೊಂಡು, ನವೆಂಬರ್ 3ರಂದು ಅಸುನೀಗಿದನು. ಆ ದುಃಖವನ್ನು ಅಳೆಯುವ ಅಧಿಕಾರವು ನಮಗಿಲ್ಲ.

ಅವನ ಗ್ರಂಥವು 1907ರಲ್ಲಿ ಫ್ರೆಂಚ್ ಭಾಷೆಗೆ ಬಂದಿದ್ದರೂ ಯಂತ್ರನಿರ್ಮಾಪಕರು ಬಹುಕಾಲ ಅದರತ್ತ ನೋಡಲಿಲ್ಲ. 1930ರ ದಶಕದಲ್ಲಿ ಕಜಾನಿನ ಚೆತಾಯೆವನು ವಿಮಾನಗಳ ಸ್ಥಿರತೆಯ ವಿಚಾರದಲ್ಲಿ ಅದನ್ನು ಬಳಕೆಗೆ ತಂದನು. 1960ರಲ್ಲಿ ಕಾಲ್ಮನ್ ಮತ್ತು ಬರ್ಟ್ರಂ ಎಂಬವರು ಅಮೆರಿಕದ ಎಂಜಿನಿಯರುಗಳಿಗೆ ಅದನ್ನು ಪರಿಚಯಿಸಿದರು. ಪೂರ್ಣ ಇಂಗ್ಲಿಷ್ ಭಾಷಾಂತರವು ಬಂದುದು 1992ರಲ್ಲಿ, ಅಂದರೆ ಸರಿಯಾಗಿ ನೂರು ವರ್ಷಗಳ ಮೇಲೆ. ಇಂದು ವಿಮಾನ, ಉಪಗ್ರಹ, ವಿದ್ಯುಜ್ಜಾಲಗಳ ನಿಯಂತ್ರಣವನ್ನು ವಿಚಾರಮಾಡುವವರು ಅವನ ಮಾರ್ಗವನ್ನು ಕಲಿಯದೆ ಮುಂದುವರಿಯಲಾರರು.

ಒಂದು ಪ್ರಾಂತ ನಗರದ ಅಧ್ಯಾಪಕನು ತನ್ನ ದೇಶಭಾಷೆಯಲ್ಲಿ ಬರೆದ ಗ್ರಂಥಕ್ಕಾಗಿ ಜಗತ್ತೇ ಹುಡುಕಿಕೊಂಡು ಬಂದಿತು. ಸಂಶೋಧನೆಗೆ ಹಣವನ್ನು ಮಂಜೂರು ಮಾಡುವ ಅಧಿಕಾರಿಗಳು ಮುಂದಿನ ವರ್ಷದ ಲಾಭವನ್ನು ಕೇಳುವ ಮೊದಲು ಈ ನೂರು ವರ್ಷಗಳ ಲೆಕ್ಕವನ್ನು ನೆನೆಯಲೆಂಬುದೇ ನಮ್ಮ ಬಿನ್ನಹ.