ಹಬೆಹಡಗು ಹತ್ತಿದ ಕೊಡಗಿನ ಕುವರಿ



ಮಡಿಕೇರಿಯ ಕೋಟೆಯನ್ನು ನೀವು ನೋಡಿರಬಹುದು. ಅರಮನೆಯ ಅಂಗಳದ ಆನೆಗಳ ಪಕ್ಕ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಸಿರಲೂಬಹುದು. ಆ ಅರಮನೆಯ ಮಗಳೊಬ್ಬಳು ಅಲ್ಲಿ ಒಂದು ದಿನವೂ ಬಾಳದೆ ಲಂಡನ್ನಿನ ಮಣ್ಣು ಸೇರಿದಳು. ಅವಳೇ ಗೌರಮ್ಮ.

ಮಾಸ್ತಿಯವರ ಕಾದಂಬರಿ ಓದಿದವರಿಗೆ ಅವಳ ತಂದೆ ಚಿಕವೀರ ರಾಜೇಂದ್ರನ ಕಥೆ ಗೊತ್ತು. 1834ರಲ್ಲಿ ಕಂಪನಿಯ ಸೈನ್ಯ ಕೊಡಗನ್ನು ಹಿಡಿಯಿತು. ಕಾವೇರಿ ದಂಡೆಯ ಗಡಿ ಊರಾದ ಕುಶಾಲನಗರಕ್ಕೆ ಕರ್ನಲ್ ಫ್ರೇಸರನ ಹೆಸರು ಬಿದ್ದು ಅದು ಫ್ರೇಸರ್‌ಪೇಟೆಯಾಯಿತು. ಅರಸನೋ, ಗಂಗೆಯ ದಡದ ಕಾಶಿಯಲ್ಲಿ ಸೆರೆಯಾಳಿನಂತೆ ದಿನ ಕಳೆಯಬೇಕಾಯಿತು. ಗೌರಮ್ಮ ಹುಟ್ಟಿದ್ದು ಅಲ್ಲೇ, 1841ರಲ್ಲಿ. ಕಲ್ಕತ್ತೆಯಿಂದ ಅಲಹಾಬಾದಿನ ಕಡೆಗೆ ಕಬ್ಬಿಣದ ಹಬೆದೋಣಿಗಳು, ಪ್ರಯಾಣಿಕರು ಕೂರುವ ಇನ್ನೊಂದು ದೋಣಿಯನ್ನು ಹಿಂದೆ ಕಟ್ಟಿಕೊಂಡು, ಪ್ರವಾಹಕ್ಕೆ ಎದುರಾಗಿ ಬರತೊಡಗಿದ ಕಾಲ ಅದು. ಆ ಪಯಣಕ್ಕೆ ಸುಮಾರು ಮೂರು ವಾರ ಹಿಡಿಯುತ್ತಿತ್ತು. ರೈಲು ಇನ್ನೂ ಬಂದಿರಲಿಲ್ಲ.

ವಿರಾಜಪೇಟೆಯಲ್ಲಿ ನಮ್ಮ ಕ್ರೈಸ್ತರಿಗೆ ನೆಲೆ ಕೊಟ್ಟ ದೊಡ್ಡ ವೀರರಾಜೇಂದ್ರನನ್ನು ನಾವು ಇಂದಿಗೂ ನೆನೆಯುತ್ತೇವಲ್ಲವೇ? ಅವನು ಕಂಪನಿಯಲ್ಲಿ ಇಟ್ಟಿದ್ದ ಹಣವನ್ನು ಕೇಳಿ ಪಡೆಯಬೇಕು, ಮಗಳಿಗೆ ಇಂಗ್ಲಿಷ್ ವಿದ್ಯೆ ಕೊಡಿಸಬೇಕು ಎಂಬ ಎರಡು ಆಸೆ ಹೊತ್ತು ಚಿಕವೀರ ರಾಜೇಂದ್ರ 1852ರಲ್ಲಿ ಇಂಗ್ಲೆಂಡಿಗೆ ಹೊರಟ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎನ್ನುತ್ತಿದ್ದ ಕಾಲದಲ್ಲಿ, ರಾಜವಂಶದವನೊಬ್ಬನಿಗೆ ಇದು ಸಣ್ಣ ಸಾಹಸವಲ್ಲ.

ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಹಬೆಹಡಗಿನವರು ಸೂಯೆಜ್‌ನಲ್ಲಿ ಇಳಿದು, ಕುದುರೆ ಗಾಡಿಯಲ್ಲಿ ಮರಳುಗಾಡು ದಾಟಿ ಕೈರೋ ಸೇರಿ, ನೈಲ್ ನದಿಯ ದೋಣಿಯಲ್ಲಿ ಅಲೆಕ್ಸಾಂಡ್ರಿಯಾ ಕಡೆಗೆ ಸಾಗಿ, ಅಲ್ಲಿ ಮತ್ತೊಂದು ಹಡಗು ಹತ್ತಬೇಕಿತ್ತು. ಏಡನ್ನಿನಂಥ ಬಂದರುಗಳಲ್ಲಿ ಕಲ್ಲಿದ್ದಲು ತುಂಬಿಸುವಾಗ ಇಡೀ ಹಡಗೇ ಮಸಿಮಯ. ಆದರೂ ಹಾಯಿಹಡಗಿನಲ್ಲಿ ಆಫ್ರಿಕಾ ಸುತ್ತಿ ಬರಲು ತಗಲುತ್ತಿದ್ದ ತಿಂಗಳುಗಟ್ಟಲೆಯ ಕಾಲ ಇದರಿಂದ ಎಷ್ಟೋ ಉಳಿಯಿತು.

ಅದೇ ವರ್ಷ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ, ಆಂಗ್ಲಿಕನ್ ಸಭೆಯ ಕ್ಯಾಂಟರ್ಬರಿ ಮಹಾಧರ್ಮಾಧ್ಯಕ್ಷರಿಂದ ಗೌರಮ್ಮನಿಗೆ ಜ್ಞಾನಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಜ್ಞಾನತಾಯಿಯಾಗಿ ನಿಂತು ತನ್ನ ಹೆಸರನ್ನೂ ಕೊಟ್ಟಳು. ವಿಂಟರ್‌ಹಾಲ್ಟರ್ ಎಂಬ ಹೆಸರಾಂತ ಚಿತ್ರಕಾರ ಬರೆದ ಪಟದಲ್ಲಿ ಆಭರಣ ತೊಟ್ಟ ಬಾಲೆಯ ಕೈಯಲ್ಲಿ ಬೈಬಲ್ ಇದೆ.

ಓದುಗರೇ, ಸುಮಾರು ಹನ್ನೊಂದರ ಆ ಮಗುವಿನ ಮನಸ್ಸನ್ನು ಯಾರಾದರೂ ಕೇಳಿದರೇ? ಜ್ಞಾನಸ್ನಾನ ದೊಡ್ಡ ವರವೇ, ಸಂಶಯವಿಲ್ಲ. ಆದರೆ ಆ ವರದ ಜೊತೆಗೆ ತಂದೆಯ ಮನೆ ತಪ್ಪಿತು. ಡ್ರಮಂಡ್ ದಂಪತಿಗಳ ಪೋಷಣೆಯಲ್ಲಿ, ಆಮೇಲೆ ಬೇರೆಯವರ ಆಶ್ರಯದಲ್ಲಿ ಅವಳು ಬೆಳೆದಳು. ಪಂಜಾಬಿನ ಪದಚ್ಯುತ ದೊರೆ ದುಲೀಪ್ ಸಿಂಗ್ ಕೂಡ ಆಗ ಕ್ರೈಸ್ತನಾಗಿದ್ದ. ಅವನಿಗೂ ಇವಳಿಗೂ ಮದುವೆ ಮಾಡಿಸಬೇಕೆಂಬುದು ರಾಣಿಯ ಬಯಕೆ. ಅದು ಕೂಡಿಬರಲಿಲ್ಲ.

ಕಂಪನಿಯಿಂದ ಹಣ ಬರುವ ಮೊದಲೇ, 1859ರಲ್ಲಿ, ಅರಸ ಲಂಡನ್ನಿನಲ್ಲಿ ಕಣ್ಮುಚ್ಚಿದ. ಮರುವರ್ಷ ಗೌರಮ್ಮ ತನಗಿಂತ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಬೆಲ್‌ನನ್ನು ವರಿಸಿದಳು. 1861ರಲ್ಲಿ ಹೆಣ್ಣುಮಗು ಈಡಿತ್ ಹುಟ್ಟಿದಳು. 1864ರಲ್ಲಿ ಕ್ಷಯರೋಗ ತಾಯಿಯನ್ನು ಒಯ್ದಿತು. ಅವಳಿಗಾಗ 22 ವರ್ಷ.

ಒಂದೇ ಹಡಗಿನಲ್ಲಿ ಬಂದ ತಂದೆ ಮಗಳ ಸಮಾಧಿಗಳು ಲಂಡನ್ನಿನ ಎರಡು ಬೇರೆ ಬೇರೆ ಸ್ಮಶಾನಗಳಲ್ಲಿವೆ: ಅವನದು ಕೆನ್ಸಲ್ ಗ್ರೀನಿನಲ್ಲಿ, ಅವಳದು ಬ್ರಾಂಪ್ಟನ್ನಿನಲ್ಲಿ.