ಫ್ರೆಡರಿಕ್ ಬ್ಯಾಂಟಿಂಗ್ ಎಂಬ ವೈದ್ಯನ ಚರಿತ್ರೆ

ಸಿಹಿಮೂತ್ರ ರೋಗವೆಂದೂ ಮಧುಮೇಹವೆಂದೂ ಕರೆಯಲ್ಪಡುವ ವ್ಯಾಧಿಯು ಈಗ ಪಟ್ಟಣದವರಲ್ಲಿ ಮಾತ್ರವಲ್ಲ, ನಮ್ಮ ಹಳ್ಳಿಯ ಸಭೆಗಳಲ್ಲಿಯೂ ಕಾಣಬರುತ್ತದೆ. ಇದಕ್ಕಾಗಿ ಇನ್ಸುಲಿನ್ ಎಂಬ ಮದ್ದನ್ನು ದಿನಾಲೂ ಚುಚ್ಚಿಸಿಕೊಳ್ಳುವವರೂ ನಮ್ಮಲ್ಲಿದ್ದಾರೆ. ಆ ಮದ್ದು ಯಾರ ಪ್ರಯಾಸದಿಂದ ಹೇಗೆ ದೊರಕಿತೆಂಬದನ್ನು ಬಲ್ಲವರು ಕೊಂಚವೇ. ಆದಕಾರಣ ಅದನ್ನು ಹುಡುಕಿದವರಲ್ಲಿ ಮುಖ್ಯನಾದವನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಫ್ರೆಡರಿಕ್ ಬ್ಯಾಂಟಿಂಗನು 1891ನೆಯ ನವೆಂಬರ್ 14ರಲ್ಲಿ ಕೆನಡ ದೇಶದ ಒಂಟೇರಿಯೊ ಪ್ರಾಂತದ ಅಲಿಸ್ಟನ್ ಎಂಬ ಊರಿನ ಸಮೀಪದಲ್ಲಿ ಒಬ್ಬ ರೈತನ ಮನೆಯಲ್ಲಿ ಹುಟ್ಟಿದನು. ಐದು ಮಂದಿ ಮಕ್ಕಳಲ್ಲಿ ಇವನೇ ಕಿರಿಯವನು. ಮನೆಯವರು ಮೆಥೊಡಿಸ್ಟ್ ಸಭೆಗೆ ಸೇರಿದ ದೇವಭಕ್ತರು. ಮಗನು ಬೋಧಕನಾಗಬೇಕೆಂಬದೇ ಅವರ ಆಶೆ. ಹಾಗಾಗಿ 1910ರಲ್ಲಿ ಅವನು ಟೊರಾಂಟೊ ನಗರದ ವಿಕ್ಟೋರಿಯ ಕಾಲೇಜನ್ನು ಸೇರಿದನು. ಆದರೆ ಮೊದಲನೆಯ ವರುಷದ ಪರೀಕ್ಷೆಯಲ್ಲಿಯೇ ತೇರ್ಗಡೆಯಾಗಲಿಲ್ಲ. ತರುವಾಯ 1912ರಲ್ಲಿ ವೈದ್ಯಶಾಸ್ತ್ರವನ್ನು ಕಲಿಯಲಾರಂಭಿಸಿ, 1916ರಲ್ಲಿ ಅದನ್ನು ಮುಗಿಸಿ, ಕೂಡಲೇ ಮಹಾಯುದ್ಧದ ಸೈನ್ಯದಲ್ಲಿ ವೈದ್ಯನಾಗಿ ಹೋದನು. 1918ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಕಾಂಬ್ರೆ ಎಂಬಲ್ಲಿ ಸಿಡಿಗುಂಡಿನ ಚೂರು ಅವನ ತೋಳಿಗೆ ತಗಲಿತು. ತಾನೇ ಗಾಯಪಟ್ಟವನಾಗಿದ್ದರೂ ಅವನು ಬಹಳ ಹೊತ್ತು ಇತರರ ಗಾಯಗಳನ್ನು ಕಟ್ಟುತ್ತಿದ್ದನು. ಈ ಧೈರ್ಯಕ್ಕಾಗಿ ಅವನಿಗೆ ಮಿಲಿಟರಿ ಕ್ರಾಸ್ ಎಂಬ ಪದಕವು ದೊರೆಯಿತು.

ಯುದ್ಧವು ತೀರಿದ ಮೇಲೆ ಅವನು 1920ರಲ್ಲಿ ಒಂಟೇರಿಯೊದಲ್ಲಿಯೇ ಲಂಡನ್ ಎಂಬ ಹೆಸರುಳ್ಳ ಪಟ್ಟಣದಲ್ಲಿ ಮನೆಮಾಡಿ ಬಾಗಿಲಲ್ಲಿ ವೈದ್ಯನ ಫಲಕವನ್ನು ತೂಗಹಾಕಿದನು. ದಿನಗಳು ಕಳೆದರೂ ರೋಗಿಗಳು ಬರಲಿಲ್ಲ; ಮೊದಲ ತಿಂಗಳಿನ ಸಂಪಾದನೆಯು 4 ಡಾಲರು ಮಾತ್ರ. ಹೊಟ್ಟೆಪಾಡಿಗಾಗಿ ಅಲ್ಲಿಯ ವಿದ್ಯಾಶಾಲೆಯಲ್ಲಿ ಪಾಠ ಹೇಳುವ ಕೆಲಸವನ್ನು ಹಿಡಿದನು. ಅಕ್ಟೋಬರ್ ಕೊನೆಯ ಒಂದು ರಾತ್ರಿ ಮೇದೋಜೀರಕ ಗ್ರಂಥಿಯ ವಿಷಯವಾದ ಪಾಠಕ್ಕೆ ಸಿದ್ಧಮಾಡಿಕೊಳ್ಳುವಾಗ ಒಂದು ಲೇಖನವನ್ನು ಓದಿ, ನಿದ್ದೆ ಬಾರದೆ, ನಡುರಾತ್ರಿ ಕಳೆದ ಮೇಲೆ ಎದ್ದು ತನಗೆ ಹೊಳೆದ ಒಂದು ಯೋಚನೆಯನ್ನು ಬರೆದಿಟ್ಟನು.

ಆ ಯೋಚನೆ ಏನೆಂಬದು ತಿಳಿಯಬೇಕಾದರೆ ಈ ಗ್ರಂಥಿಯ ಕೆಲಸವನ್ನು ಸ್ವಲ್ಪ ಅರಿಯಬೇಕು. ಇದು ಜಠರದ ಹಿಂದೆ ಇರುವದು. ಇದರಿಂದ ಹುಟ್ಟುವ ಒಂದು ರಸವು ನಾಳದ ಮೂಲಕ ಕರುಳಿಗೆ ಹರಿದು ಆಹಾರವನ್ನು ಜೀರ್ಣಿಸುತ್ತದೆ. ಅದಲ್ಲದೆ, 1869ರಲ್ಲಿ ಲಾಂಗರ್‌ಹಾನ್ಸ್ ಎಂಬ ಜರ್ಮನಿಯವನು ಇದರೊಳಗೆ ದ್ವೀಪಗಳಂತೆ ಚದರಿರುವ ಸಣ್ಣ ಕಣಗಳ ಗುಂಪುಗಳನ್ನು ಕಂಡನು. 1889ರಲ್ಲಿ ಮಿಂಕೋವ್ಸ್ಕಿ, ಮೇರಿಂಗ್ ಎಂಬ ಇಬ್ಬರು ಒಂದು ನಾಯಿಯ ಈ ಗ್ರಂಥಿಯನ್ನು ಪೂರ್ಣವಾಗಿ ತೆಗೆದುಹಾಕಲು ಅದಕ್ಕೆ ಸಿಹಿಮೂತ್ರ ರೋಗವು ಉಂಟಾಯಿತು. ಹೀಗಿರಲಾಗಿ, ಆ ದ್ವೀಪಗಳಿಂದ ನೇರವಾಗಿ ರಕ್ತಕ್ಕೆ ಸೇರುವ ಬೇರೊಂದು ರಸವಿದೆಯೆಂದೂ, ಅದಿಲ್ಲದಿದ್ದರೆ ರಕ್ತದ ಸಕ್ಕರೆಯನ್ನು ದೇಹವು ಉಪಯೋಗಿಸಲಾರದೆಂದೂ ಪಂಡಿತರು ಊಹಿಸಿದರು. ಹೀಗೆ ರಕ್ತದಲ್ಲಿ ಸಂಚರಿಸಿ ದೂರದ ಅಂಗಗಳನ್ನು ನಡಿಸುವ ರಸಗಳಿಗೆ ಹಾರ್ಮೋನುಗಳೆಂದು ಹೆಸರು. ಅನೇಕರು ಪ್ರಯತ್ನಿಸಿದರೂ ರೋಗಿಗೆ ಹಾನಿಯಿಲ್ಲದಂತೆ ಕೊಡುವಷ್ಟು ಶುದ್ಧವಾಗಿ ಅದನ್ನು ತೆಗೆಯಲು ಯಾರಿಗೂ ಆಗಿರಲಿಲ್ಲ. ನಾಳವನ್ನು ಕಟ್ಟಿದರೆ ಜೀರ್ಣರಸದ ಭಾಗವು ಬಾಡಿಹೋಗಿ ದ್ವೀಪಗಳು ಉಳಿಯುವವು, ಆಗ ಅವುಗಳ ರಸವನ್ನು ಕೆಡದಂತೆ ತೆಗೆಯಬಹುದು ಎಂಬದೇ ಬ್ಯಾಂಟಿಂಗನ ಯೋಚನೆ.

ಟೊರಾಂಟೊದ ಪ್ರೊಫೆಸರನಾದ ಮ್ಯಾಕ್ಲಿಯಡನು ಈ ಶಾಸ್ತ್ರದಲ್ಲಿ ಪ್ರಸಿದ್ಧನು; ಸ್ಕಾಟ್ಲೆಂಡಿನ ಒಬ್ಬ ಸಭಾಬೋಧಕನ ಮಗನು. ಅವನು ಈ ಅನುಭವವಿಲ್ಲದ ವೈದ್ಯನನ್ನು ಸ್ವಲ್ಪ ಸಂದೇಹದಿಂದಲೇ ನೋಡಿದರೂ, ಪ್ರಯೋಗಶಾಲೆಯನ್ನೂ ನಾಯಿಗಳನ್ನೂ 22 ವರುಷದ ಚಾರ್ಲ್ಸ್ ಬೆಸ್ಟ್ ಎಂಬ ಸಹಾಯಕನನ್ನೂ ಕೊಟ್ಟನು. 1921ರ ಮೇ 17ರಲ್ಲಿ ಕೆಲಸವು ಆರಂಭವಾಯಿತು. ಬೇಸಿಗೆಯ ಸೆಕೆಯಲ್ಲಿ ಅನೇಕ ನಾಯಿಗಳು ಸತ್ತವು. ಸಂಬಳವಿಲ್ಲದ ಬ್ಯಾಂಟಿಂಗನ ಕೈಯ ಹಣವೂ ತೀರುತ್ತ ಬಂತು. ಆದರೂ ಜುಲೈ ಕೊನೆಯಲ್ಲಿ ಅವರು ತೆಗೆದ ರಸವನ್ನು ಚುಚ್ಚಲು ರೋಗಪಟ್ಟ ನಾಯಿಯ ರಕ್ತದ ಸಕ್ಕರೆಯು ಇಳಿಯಿತು. ನಾಳವನ್ನು ಕಟ್ಟುವದು ಅಗತ್ಯವಿಲ್ಲ, ಕಸಾಯಿಖಾನೆಯಿಂದ ತಂದ ದನದ ಗ್ರಂಥಿಯಿಂದಲೇ ಅದನ್ನು ತೆಗೆಯಬಹುದೆಂದು ಆಮೇಲೆ ತಿಳಿದುಬಂತು. ನಡುರಾತ್ರಿಯ ಆ ಯೋಚನೆಯು ಪೂರಾ ಸರಿಯಾಗಿರಲಿಲ್ಲ. ಆದರೆ ಅದು ಅವನನ್ನು ದಾರಿಗೆ ಹಚ್ಚಿತು.

ಆ ಕಾಲದಲ್ಲಿ ಈ ರೋಗ ತಗಲಿದ ಮಕ್ಕಳು ಒಂದೆರಡು ವರುಷಗಳೊಳಗೆ ಸಾಯುತ್ತಿದ್ದರು. ವೈದ್ಯರಿಗೆ ತಿಳಿದಿದ್ದ ಉಪಾಯವು ಬಹು ಕೊಂಚ ಆಹಾರವನ್ನು ಕೊಟ್ಟು ಸಾವನ್ನು ಮುಂದೂಡುವದೊಂದೇ. ಟೊರಾಂಟೊದ ಆಸ್ಪತ್ರೆಯಲ್ಲಿ ಲೆನರ್ಡ್ ಥಾಮ್ಸನ್ ಎಂಬ ಹುಡುಗನು ಎಲುಬುಗೂಡಾಗಿ ಬಿದ್ದಿದ್ದನು. 1922ರ ಜನವರಿ 11ರಲ್ಲಿ ಅವನಿಗೆ ಈ ರಸವನ್ನು ಚುಚ್ಚಿದರು. ಅದು ಅಶುದ್ಧವಾಗಿದ್ದದರಿಂದ ಪ್ರಯೋಜನವು ಅಲ್ಪವಾಗಿ, ಚುಚ್ಚಿದ ಸ್ಥಳದಲ್ಲಿ ಬಾವು ಎದ್ದಿತು. ಆಗ ಹಿಂದಿನ ತಿಂಗಳಲ್ಲಿ ಇವರನ್ನು ಕೂಡಿಕೊಂಡಿದ್ದ ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞನು ಹಗಲಿರುಳು ದುಡಿದು ರಸವನ್ನು ಶುದ್ಧಿಮಾಡಿದನು. ಜನವರಿ 23ರಲ್ಲಿ ಅದನ್ನು ಕೊಡಲು ಹುಡುಗನ ಸಕ್ಕರೆಯು ಇಳಿದು ಅವನಿಗೆ ಚೈತನ್ಯವು ಬಂತು. ಅವನು ಇನ್ನೂ 13 ವರುಷ ಬದುಕಿದನು. ಅದೇ ವರುಷ ಅಮೆರಿಕದಿಂದ ಕರತಂದ ಎಲಿಜಬೆತ್ ಹ್ಯೂಸ್ ಎಂಬ ಹುಡುಗಿಯು ಬೆಳೆದು, ಮದುವೆಯಾಗಿ, ಮಕ್ಕಳನ್ನು ಹೆತ್ತು 1981ರ ವರೆಗೆ ಜೀವಿಸಿದಳು.

ಇಷ್ಟು ದೊಡ್ಡ ಉಪಕಾರವನ್ನು ಮಾಡಿದವರು ಒಬ್ಬರೊಡನೊಬ್ಬರು ಸಮಾಧಾನದಿಂದಿದ್ದರೆಂದು ಬರೆಯಲಾರೆವು. ಕೀರ್ತಿಯನ್ನು ಮ್ಯಾಕ್ಲಿಯಡನು ಅಪಹರಿಸುವನೆಂಬ ಸಂಶಯವು ಬ್ಯಾಂಟಿಂಗನಲ್ಲಿ ಹೊಕ್ಕಿತು. ಕಾಲಿಪನ ಸಂಗಡ ಜಗಳವು ಕೈಮಾಡುವ ವರೆಗೂ ಹೋಯಿತೆಂದು ಹೇಳುತ್ತಾರೆ. 1923ರಲ್ಲಿ ನೊಬೆಲ್ ಬಹುಮಾನವು ಬ್ಯಾಂಟಿಂಗನಿಗೂ ಮ್ಯಾಕ್ಲಿಯಡನಿಗೂ ಕೂಡಿ ಬಂದಾಗ ಅವನು ಸಂತೋಷಪಡದೆ ಕೋಪಿಸಿಕೊಂಡು, ಬೆಸ್ಟನನ್ನು ಬಿಟ್ಟದ್ದು ಅನ್ಯಾಯವೆಂದು ತನ್ನ ಹಣದಲ್ಲಿ ಅವನಿಗೆ ಅರ್ಧವನ್ನು ಕೊಟ್ಟನು. ಮ್ಯಾಕ್ಲಿಯಡನು ತನ್ನ ಪಾಲಿನ ಅರ್ಧವನ್ನು ಕಾಲಿಪನಿಗೆ ಕೊಟ್ಟನು. ಹೀಗೆ ಬಿರುಕುಬಿಟ್ಟ ಮಣ್ಣಿನ ಪಾತ್ರೆಗಳಲ್ಲಿಯೇ ದೇವರು ಈ ದ್ರವ್ಯವನ್ನು ಇಟ್ಟನು. ಆದರೆ ಹಣದ ವಿಷಯದಲ್ಲಿ ಅವರು ನಿರ್ಲೋಭಿಗಳು. ಕೋಟ್ಯಾಧಿಪತಿಗಳಾಗಬಹುದಾಗಿದ್ದ ಬ್ಯಾಂಟಿಂಗ್, ಬೆಸ್ಟ್, ಕಾಲಿಪರು ಈ ಮದ್ದಿನ ಹಕ್ಕನ್ನು ತಲೆಗೆ ಒಂದೇ ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು.

1934ರಲ್ಲಿ ಬ್ಯಾಂಟಿಂಗನಿಗೆ ಸರ್ ಪದವಿಯು ಬಂತು. ಎರಡನೆಯ ಮಹಾಯುದ್ಧದಲ್ಲಿ ಯುದ್ಧಸಂಬಂಧವಾದ ಸಂಶೋಧನೆಗಾಗಿ ಇಂಗ್ಲೆಂಡಿಗೆ ಹೊರಟಾಗ ಅವನ ವಿಮಾನವು ನ್ಯೂಫೌಂಡ್‌ಲೆಂಡಿನಲ್ಲಿ ಬಿದ್ದು, ಅವನು 1941ರ ಫೆಬ್ರವರಿ 21ರಲ್ಲಿ 49 ವರುಷದವನಾಗಿ ತೀರಿಹೋದನು. ಆ ಪ್ರಯಾಣಕ್ಕೆ ಮುಂಚೆ ಅವನು ಮಾಂಟ್ರಿಯಲಿನಲ್ಲಿ ಒಂದು ಸಾಯಂಕಾಲವನ್ನು ಕಾಲಿಪನ ಸಂಗಡ ಕಳೆದನು. ಹಿಂದೆ ಜಗಳವಾಡಿದವರು ಆ ಹೊತ್ತಿಗೆ ಸ್ನೇಹಿತರಾಗಿದ್ದರು. ಇದು ನಮಗೆ ಆದರಣೆಯನ್ನು ಕೊಡುತ್ತದೆ.

ಇನ್ಸುಲಿನ್ ರೋಗವನ್ನು ಬೇರುಸಹಿತ ಕಿತ್ತುಹಾಕುವ ಮದ್ದಲ್ಲವೆಂಬದನ್ನು ವಾಚಕರು ಚೆನ್ನಾಗಿ ಗಮನಿಸಬೇಕು. ಮುಂಚೆ ಬೇಗನೆ ಸಾಯುತ್ತಿದ್ದವರು ಇದರಿಂದ ಬಹುಕಾಲ ಬದುಕಲು, ಕಣ್ಣು ಮಬ್ಬಾಗುವದು, ಮೂತ್ರಪಿಂಡಗಳು ಕೆಡುವದು, ಕಾಲಿನ ಸ್ಪರ್ಶಜ್ಞಾನವು ಹೋಗಿ ಗಾಯವು ಕೊಳೆಯುವದು ಮುಂತಾದ ಕೇಡುಗಳು ಹೆಚ್ಚಾಗಿ ಕಾಣಬಂದವು. ಅಮೆರಿಕದಲ್ಲಿಯೂ ಕೆನಡದಲ್ಲಿಯೂ ಇನ್ಸುಲಿನ್ನಿನಿಂದಲೇ ಜೀವಿಸುವ 1,441 ಮಂದಿಯನ್ನು ಹಲವು ವರುಷ ಪರೀಕ್ಷಿಸಿ, ಸಕ್ಕರೆಯನ್ನು ಆದಷ್ಟು ಹತೋಟಿಯಲ್ಲಿಟ್ಟವರಿಗೆ ಕಣ್ಣು, ಮೂತ್ರಪಿಂಡ, ನರಗಳ ಕೇಡು ಬಹಳ ಕಡಿಮೆಯಾಗುತ್ತದೆಂದು 1993ರಲ್ಲಿ ಪ್ರಕಟಿಸಿದರು.

ಈ ರೋಗವುಳ್ಳ ಎಲ್ಲರಿಗೂ ಇನ್ಸುಲಿನ್ ಬೇಕಾಗುವದಿಲ್ಲ. ಅನೇಕರಿಗೆ ಪಥ್ಯವೂ ಮಾತ್ರೆಯೂ ಸಾಕು. ಆದರೆ ವೈದ್ಯನು ಅದನ್ನು ಬರೆದುಕೊಟ್ಟ ಮೇಲೆ, ಮೈ ಹಗುರವಾಯಿತೆಂದಾಗಲಿ, ಪ್ರಾರ್ಥನೆ ಮಾಡಿಸಿಕೊಂಡೆನೆಂದಾಗಲಿ ನಿಲ್ಲಿಸಿಬಿಡುವವರು ಮಹಾ ಅಪಾಯದಲ್ಲಿ ಬೀಳುತ್ತಾರೆ. ಚಿಕ್ಕಂದಿನಲ್ಲೇ ಈ ರೋಗ ತಗಲಿದವರು ನಿಲ್ಲಿಸಿದರೆ ಕೆಲವು ದಿನಗಳಲ್ಲಿಯೇ ಪ್ರಾಣವು ಹೋಗಬಹುದು. ಇದು ನಂಬಿಕೆಯಲ್ಲ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೊರೆತ ಮನ್ನವು ಆಯಾ ದಿನಕ್ಕೆ ಸಾಕಾಗುವಷ್ಟೇ ಇತ್ತು. ನಿನ್ನೆ ಉಂಡೆನೆಂದು ಇಂದು ಕೂಡಿಸದೆ ಇದ್ದವನು ಹಸಿದಿರಬೇಕಾಗಿತ್ತು. ಈ ಮದ್ದೂ ಹಾಗೆಯೇ. ನಮ್ಮ ಸಭೆಯಲ್ಲಿ ಇಂಥ ರೋಗಿಗಳಿದ್ದರೆ ಅವರಿಗಾಗಿ ಪ್ರಾರ್ಥಿಸೋಣ. ಪ್ರಾರ್ಥಿಸಿ ಎದ್ದ ಮೇಲೆ, ಈ ಹೊತ್ತಿನ ಮದ್ದು ಆಯಿತೇ, ಕಾಲಿನಲ್ಲಿ ಗಾಯವೇನಾದರೂ ಇದೆಯೇ ಎಂದು ಕೇಳಿ ತಿಳಿಯೋಣ. ಬಡವನಿಗೆ ಅದನ್ನು ಕೊಳ್ಳಲು ಶಕ್ತಿಯಿಲ್ಲದಿದ್ದರೆ, ಒಂದು ಡಾಲರಿಗೆ ಅದನ್ನು ಬಿಟ್ಟುಕೊಟ್ಟವರನ್ನು ನೆನಸಿ, ಸಭೆಯವರು ಕೂಡಿ ಅವನ ಭಾರವನ್ನು ಹೊತ್ತುಕೊಳ್ಳೋಣ.