ಡ್ರಮ್ ವಾದಕ ಬೇಬಿ ಡಾಡ್ಸ್

ಹಾಡಿದವರ ಹೆಸರನ್ನು ನಾವು ನೆನಪಿಡುತ್ತೇವೆ, ಹಿಮ್ಮೇಳದವರನ್ನು ಮರೆಯುತ್ತೇವೆ. ಜಾಜ್ ಸಂಗೀತದ ಆರಂಭಕಾಲದ ಅಂಥ ಒಬ್ಬ ಹಿಮ್ಮೇಳದವನ ಬಾಳನ್ನು ನೋಡೋಣ.

ವಾರನ್ ಡಾಡ್ಸ್ 1898ರ ಡಿಸೆಂಬರ್ 24ರಂದು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಆಫ್ರಿಕನ್ ಮೂಲದ ಕುಟುಂಬದಲ್ಲಿ ಜನಿಸಿದನು. ತಂದೆಯ ಹೆಸರೂ ವಾರನ್ ಆದ್ದರಿಂದ ಮಗನು ‘ಬೇಬಿ’ಯಾದನು. ಬಾಲ್ಯದಲ್ಲಿ ಅವನಿಗೆ ಡ್ರಮ್ ಸಿಗಲಿಲ್ಲ. ಕೊಬ್ಬಿನ ಖಾಲಿ ಡಬ್ಬಕ್ಕೆ ಮೊಳೆಯಿಂದ ತೂತು ಮಾಡಿ, ತಾಯಿಯ ಕುರ್ಚಿಯ ಅಡ್ಡಕೋಲುಗಳನ್ನು ಕಿತ್ತು ಬಾರಿಸಿದನು. ಮುಂದೆ ದುಡಿದು ಡ್ರಮ್ ಕೊಂಡನು. ಮಿಸಿಸಿಪ್ಪಿ ನದಿಯ ಹಡಗುಗಳಲ್ಲಿ ನುಡಿಸಿ ಹೆಸರಾದನು.

1923ರಲ್ಲಿ ಕಿಂಗ್ ಆಲಿವರನ ಮೇಳವು ರಿಚ್ಮಂಡ್ ಪಟ್ಟಣದಲ್ಲಿ ಗ್ರಾಮಫೋನ್ ತಟ್ಟೆಗಳಿಗಾಗಿ ನುಡಿಸಿತು. ಕಾರ್ನೆಟ್ ಊದಲು ಆಲಿವರನೊಂದಿಗೆ ಲೂಯಿ ಆರ್ಮ್‌ಸ್ಟ್ರಾಂಗ್, ಕ್ಲಾರಿನೆಟ್‌ಗೆ ಡಾಡ್ಸನ ಅಣ್ಣ ಜಾನಿ. ಅಲ್ಲಿ ಮೈಕ್ ಇರಲಿಲ್ಲ. ಧ್ವನಿಯು ದೊಡ್ಡ ಕೊಳವೆಯೊಳಗೆ ಹಾದು, ಸೂಜಿಯನ್ನು ಅಲುಗಿಸಿ, ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಡ್ರಮ್ಮಿನ ಪೆಟ್ಟಿಗೆ ಸೂಜಿ ಹಾರೀತೆಂಬ ಭಯ! ಆದ್ದರಿಂದ ಡಾಡ್ಸನು ಮರದ ತುಂಡುಗಳನ್ನೇ ಬಾರಿಸಬೇಕಾಯಿತು. ಜನರು ಕಾರ್ನೆಟ್ ಕೇಳಿದರು, ಡ್ರಮ್ ಕೇಳಲಿಲ್ಲ. ಆದರೂ ಅವನು ತಾಳ ತಪ್ಪಲಿಲ್ಲ.

ಕೊನೆಗೆ 1946ರಲ್ಲಿ, ಬೇರಾವ ವಾದ್ಯವೂ ಇಲ್ಲದೆ, ಅವನೊಬ್ಬನ ಡ್ರಮ್ ವಾದನವನ್ನೇ ಧ್ವನಿಮುದ್ರಿಸಲಾಯಿತು. ಎಲ್ಲರ ಹಿಂದೆ ಕುಳಿತವನನ್ನು ಲೋಕ ಆಗ ಸ್ಪಷ್ಟವಾಗಿ ಕೇಳಿತು. 1949ರಲ್ಲಿ ಪಾರ್ಶ್ವವಾಯು ಬಡಿಯಿತು. ಚೇತರಿಸಿಕೊಂಡು ಮತ್ತೆ ಕೋಲು ಹಿಡಿದನು. 1959ರ ಫೆಬ್ರವರಿ 14ರಂದು ಷಿಕಾಗೊದಲ್ಲಿ ತೀರಿಕೊಂಡನು.

ಕೈಗೆ ಸಿಕ್ಕಿದ್ದು ಡಬ್ಬವಾಗಲಿ, ಮರದ ತುಂಡಾಗಲಿ, ಡಾಡ್ಸನು ಅದರಲ್ಲೇ ಮೇಳವನ್ನು ನಡೆಸಿದನು. ಇನ್ನು ಹಾಡು ಕೇಳುವಾಗ ಹಿಂದಿನ ಸಾಲಿಗೂ ನಾವು ಕಿವಿಗೊಡೋಣ.